ತಂದೆಯ ಕಣ್ಣು ಎಲ್ಲಿಯೋ, ಮಗುವಿನ ಕಣ್ಣೂ ಅಲ್ಲಿ



ಅಮೆರಿಕ ದೇಶದಲ್ಲಿ 'ಹಾಟ್ ರಾಡ್' ಎಂಬ ಕಾರುಗಳಿವೆ. 1930 ಮತ್ತು 40ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗವಾಗಿ ಕೊಂಡು, ಮಡ್‌ಗಾರ್ಡು ಮುಂತಾದವನ್ನು ಕಳಚಿ ತೂಕ ಇಳಿಸಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಬತ್ತಿದ ಸರೋವರಗಳ ಬಯಲಿನಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪೆನಿ ಜನಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ಎಂಟು ಸಿಲಿಂಡರಿನ ವಿ-8 ಎಂಜಿನ್ನನ್ನು ತಂದಿತು. ಆ ವರ್ಷದ ಕಾರೆಂದರೆ ಈ ಹವ್ಯಾಸಿಗಳಿಗೆ ಇಂದಿಗೂ ಪ್ರಾಣ.

ಈ ಕಾರುಗಳ ಪ್ರದರ್ಶನಗಳೂ ಅಲ್ಲಿ ನಡೆಯುತ್ತವೆ. ಅವುಗಳಲ್ಲೊಂದು, 'ಎಲ್.ಎ. ರೋಡ್‌ಸ್ಟರ್ಸ್' ಎಂಬ ಕ್ಲಬ್ಬಿನದು, ದಶಕಗಳ ಕಾಲ ಜೂನ್ ತಿಂಗಳ ತಂದೆಯರ ದಿನದ ವಾರಾಂತ್ಯದಲ್ಲೇ ನಡೆದುಬಂದಿತು. ತಂದೆಯರ ದಿನವನ್ನು ಸ್ಪೋಕೇನ್ ನಗರದಲ್ಲಿ 1910ರ ಜೂನ್ 19ರಂದು ಆಚರಿಸಲು ಕಾರಣರಾದವರು ಸೊನೋರಾ ಸ್ಮಾರ್ಟ್ ಡಾಡ್ ಎಂಬ ಮಹಿಳೆ. ತಾಯಿ ತೀರಿಕೊಂಡ ಮೇಲೆ ಮಕ್ಕಳನ್ನು ಒಬ್ಬರೇ ಸಾಕಿ ಬೆಳೆಸಿದ ತಂದೆಯ ನೆನಪು ಅವರ ಮನಸ್ಸಿನಲ್ಲಿತ್ತು.

ಇಂತಹ ಪ್ರದರ್ಶನಕ್ಕೆ ಮಗುವಿನ ಕೈಹಿಡಿದು ಬರುವ ಒಬ್ಬ ತಂದೆಯನ್ನು ಕಲ್ಪಿಸಿಕೊಳ್ಳಿ. ಆತ ಮಗುವಿಗೆ ಪಾಠ ಹೇಳುವುದಿಲ್ಲ. ತಾನೇ ಬೆರಗಾಗಿ ನಿಲ್ಲುತ್ತಾನೆ. ಮಗುವನ್ನು ಎತ್ತಿ ಎಂಜಿನ್ ತೋರಿಸುತ್ತಾನೆ. ತುಕ್ಕು ಹಿಡಿದು ಬಿದ್ದಿದ್ದ ತಗಡನ್ನು ಯಾರೋ ಹಲವು ವರ್ಷ ದುಡಿದು ಹೀಗೆ ಹೊಳೆಯುವಂತೆ ಮಾಡಿದ್ದಾರೆ ಎನ್ನುತ್ತಾನೆ. ಮಗುವಿಗೆ ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಆದರೂ ಒಂದು ವಿಷಯ ಚೆನ್ನಾಗಿ ಅರ್ಥವಾಗುತ್ತದೆ: 'ಅಪ್ಪನಿಗೆ ಇದು ಬಹಳ ಇಷ್ಟ. ಅಪ್ಪ ನನ್ನನ್ನೂ ಇಲ್ಲಿಗೆ ಕರೆತಂದರು.' ಪ್ರೀತಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಹೀಗೆಯೇ.

ಒಂದೇ ಕೋಣೆಯಲ್ಲಿ ಇದ್ದಮಾತ್ರಕ್ಕೆ ಒಬ್ಬರು ಇನ್ನೊಬ್ಬರ ಜೊತೆಗಿದ್ದಂತೆ ಆಗುವುದಿಲ್ಲವೆಂದು ಫ್ರೆಂಚ್ ತತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ ತೋರಿಸಿಕೊಟ್ಟರು. ನಮ್ಮ ಮನೆಗಳಲ್ಲಿ ಇದಕ್ಕೆ ಬೇರೆ ಸಾಕ್ಷಿ ಬೇಕೆ? ಅಪ್ಪ ಮನೆಯಲ್ಲಿದ್ದಾರೆ, ಆದರೆ ಅವರ ಕಣ್ಣು ಮೊಬೈಲಿನ ಮೇಲೆ. ಶಾಲೆಯ ಫೀಸು ಕಟ್ಟಿದ್ದಾರೆ, ಆದರೆ ಮಗು ಈಗ ಯಾವುದಕ್ಕೆ ಹೆದರುತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲ.

ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ತೆರೆದು ನೋಡಿ. ಯೇಸುವಿನ ತಂದೆತಾಯಿ ಪ್ರತಿವರ್ಷವೂ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಿದ್ದರು. ನಜರೇತಿನಿಂದ ಅದು ಹಲವು ದಿನಗಳ ಕಾಲ್ನಡಿಗೆ. ಬಡಗಿಯ ಕೆಲಸ ಅಷ್ಟು ದಿನ ನಿಂತರೆ ಸಂಪಾದನೆಯೂ ನಿಂತಂತೆ. ಆದರೂ ಸಂತ ಜೋಸೆಫರು ಹನ್ನೆರಡು ವರ್ಷದ ಬಾಲಕನನ್ನು ನೆಂಟರೊಡನೆ ಕಳುಹಿಸಿ ತಾವು ಮನೆಯಲ್ಲಿ ಉಳಿಯಲಿಲ್ಲ. ಜೊತೆಯಲ್ಲಿ ನಡೆದರು. ಬಾಲಕ ಕಾಣದಾದಾಗ ಮರಿಯಮ್ಮನವರೊಡನೆ ಹಿಂದಿರುಗಿ ಹುಡುಕಿದರು. ಜೋಸೆಫರ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ, ಅವರ ನಡಿಗೆ ದಾಖಲಾಗಿದೆ.

ಪ್ರಿಯ ತಂದೆಯರೇ, ಒಂದು ಪ್ರಶ್ನೆ ಕೇಳುತ್ತೇನೆ, ಬೇಸರಿಸಬೇಡಿ. ಭಾನುವಾರ ಬೆಳಿಗ್ಗೆ ನಿಮ್ಮಲ್ಲಿ ಕೆಲವರು ಮಗುವನ್ನು ಸ್ಕೂಟರಿನಲ್ಲಿ ತಂದು ಧರ್ಮೋಪದೇಶದ ತರಗತಿಗೆ ಇಳಿಸಿ, ಬಲಿಪೂಜೆ ಮುಗಿಯುವವರೆಗೂ ಗೇಟಿನ ಬಳಿ ನಿಂತು ಮಾತನಾಡುತ್ತೀರಿ. ಆಗ ಮಗು ಏನನ್ನು ಕಲಿಯುತ್ತದೆ? 'ಇದು ಅಪ್ಪನಿಗೆ ಇಷ್ಟವಾದದ್ದಲ್ಲ' ಎಂದೇ ತಾನೇ? ತರಗತಿಯಲ್ಲಿ ಸಿಸ್ಟರ್ ಒಂದು ಗಂಟೆ ಕಲಿಸಿದ್ದನ್ನು ಗೇಟಿನ ಬಳಿ ನಿಂತ ನಿಮ್ಮ ಬೆನ್ನು ಒಂದೇ ಕ್ಷಣದಲ್ಲಿ ಅಳಿಸಿಬಿಡಬಹುದು.

ಮಗುವನ್ನು ಕಾರು ನೋಡಲು ಕರೆದೊಯ್ಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಖಂಡಿತ ಕರೆದೊಯ್ಯಿರಿ. ಕಾರಾಗಲಿ, ಸಮುದ್ರವಾಗಲಿ, ತೋಟವಾಗಲಿ, ನಿಮಗೆ ಪ್ರಿಯವಾದುದನ್ನು ತೋರಿಸಿರಿ. ದೇವರ ಆಜ್ಞೆಗಳನ್ನು ಮಕ್ಕಳಿಗೆ ಮನೆಯಲ್ಲಿ ಕುಳಿತಿರುವಾಗಲೂ ದಾರಿಯಲ್ಲಿ ನಡೆಯುವಾಗಲೂ ತಿಳಿಸಬೇಕೆಂದು ಧರ್ಮೋಪದೇಶಕಾಂಡ ಬೋಧಿಸುತ್ತದೆ. ದಾರಿಯಲ್ಲಿ ಜೊತೆಗೆ ನಡೆದವನಿಗೆ ಮಾತ್ರ ದಾರಿಯ ಮಾತು ಸಾಧ್ಯ. ಶನಿವಾರ ಎಂಜಿನ್ನಿನ ಮುಂದೆ ನಿಮ್ಮ ಕಣ್ಣು ಅರಳಿದ್ದನ್ನು ಕಂಡ ಮಗು, ಭಾನುವಾರ ಪೀಠದ ಮುಂದೆ ನೀವು ಮೊಣಕಾಲೂರಿದ್ದನ್ನೂ ಕಾಣಲಿ. ಎರಡನ್ನೂ ಅದು ನಂಬುತ್ತದೆ.

ಮಕ್ಕಳ ಕೈಹಿಡಿದು ನಡೆಯುವ ಎಲ್ಲ ತಂದೆಯರಿಗಾಗಿ ಸಂತ ಜೋಸೆಫರು ಪ್ರಭುವಿನಲ್ಲಿ ಬೇಡಲಿ.