ಬಿಡುವೆಂಬ ದಾನ

ಸಂಸಾರಕ್ಕೆ ಸಲ್ಲಬೇಕಾದ ಋಣಗಳನ್ನೆಲ್ಲ ಸಲ್ಲಿಸುತ್ತಿರುವ ಗೃಹಸ್ಥನೋ ಗೃಹಿಣಿಯೋ, ಆ ಋಣಗಳ ಲೆಕ್ಕದಲ್ಲಿ ಎಲ್ಲಿಯೂ ಸೇರದ ಒಂದು ಕೆಲಸಕ್ಕಾಗಿ, ಎಂದರೆ ಬಣ್ಣದ ಕಾಗದವನ್ನು ಮಡಿಸಿ ಕತ್ತರಿಸಿ ಹೂವು ಮಾಡುವುದಕ್ಕೋ, ರಟ್ಟಿನ ಮೇಲೆ ಬಟ್ಟೆಯ ಚೂರು, ಒಣಗಿದ ಎಲೆ, ಕಾಳು, ಜರಿ ಇವುಗಳನ್ನು ಅಂಟಿಸಿ ಚಿತ್ರವೊಂದನ್ನು ಕಟ್ಟುವುದಕ್ಕೋ, ದಿನದಲ್ಲೊಂದಿಷ್ಟು ಹೊತ್ತನ್ನು ತನ್ನದೆಂದು ತೆಗೆದಿರಿಸಿಕೊಳ್ಳುವುದು ಧರ್ಮಕ್ಕೆ ಸಮ್ಮತವೋ ಅಲ್ಲವೋ? ಇಷ್ಟು ಸಣ್ಣ ವಿಷಯಕ್ಕೆ ಧರ್ಮಜಿಜ್ಞಾಸೆಯನ್ನು ಎಳೆದುತರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಹೂಡಿದಂತೆ ಎಂದು ಯಾರಾದರೂ ನಕ್ಕರೆ ಆಶ್ಚರ್ಯವಿಲ್ಲ. ಆದರೆ ವಿಷಯದ ಸಣ್ಣತನವೇ ಇಲ್ಲಿ ಪ್ರಶ್ನೆಯನ್ನು ತಿಳಿಯಾಗಿಸುತ್ತದೆ. ಕಾವ್ಯವನ್ನು ರಚಿಸುವವನಿಗೆ, ಸಂಗೀತವನ್ನು ಸಾಧಿಸುವವನಿಗೆ, ಮನೆಮಂದಿಯ ಹೊತ್ತನ್ನು ಬಳಸಿಕೊಂಡದ್ದಕ್ಕೆ ಪ್ರತಿಯಾಗಿ ಕೀರ್ತಿಯೆಂಬ ಒಂದು ಸಮಾಧಾನವನ್ನು ಮುಂದಿಡಲು ಬರುತ್ತದೆ. ಕಾಗದವನ್ನು ಕತ್ತರಿಸುವವರಿಗೆ ಆ ಮರೆಯೂ ಇಲ್ಲ. ಕೀರ್ತಿ, ಹಣ, ಅಧಿಕಾರ ಇವು ಯಾವುದರ ಆಸರೆಯೂ ಇಲ್ಲದ ಕಲೆಗೆ ಸಂಸಾರದಲ್ಲಿ ಸ್ಥಾನವುಂಟೆ ಎಂಬುದೇ ನಿಜವಾದ ಪ್ರಶ್ನೆ.

ನಮ್ಮ ನೆರೆಮನೆಯಲ್ಲಿ ಒಬ್ಬ ಗೃಹಿಣಿಯಿದ್ದಾರೆ. ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳನ್ನು ಅವರು ಎಸೆಯುವುದಿಲ್ಲ. ರಾತ್ರಿಯ ಊಟ ಮುಗಿದು, ಪಾತ್ರೆಗಳನ್ನು ತೊಳೆದು ಕವುಚಿದ ಮೇಲೆ, ನಡುಮನೆಯಲ್ಲಿ ಹಳೆಯ ವೃತ್ತಪತ್ರಿಕೆಯೊಂದನ್ನು ಹಾಸಿಕೊಂಡು ಕುಳಿತು, ಒಂದೊಂದೇ ಪತ್ರಿಕೆಯನ್ನು ಬಿಡಿಸುತ್ತಾರೆ. ಮೂಲೆಗಳಲ್ಲಿ ಅರಿಸಿನದ ಕರೆ ಇನ್ನೂ ಉಳಿದಿರುತ್ತದೆ. ಗಣಪತಿಯ ಚಿತ್ರವನ್ನು ಮೊದಲು ಕತ್ತರಿಸಿ ಬೇರೆ ಇಡುತ್ತಾರೆ, ಅದು ಕಾಲ ಕೆಳಗೆ ಬೀಳಬಾರದು. ಹೊಂಬಣ್ಣದ ಅಂಚನ್ನು ಎಳೆಎಳೆಯಾಗಿ ಸೀಳುತ್ತಾರೆ. ಹುಳು ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿದ ಮೈದಾಹಿಟ್ಟಿನ ಅಂಟನ್ನು ಬೆರಳಿನಿಂದಲೇ ತೆಳುವಾಗಿ ಸವರಿ, ರಟ್ಟಿನ ಮೇಲೆ ನೆಲಕ್ಕೆ ರಾಗಿಯ ಕಾಳನ್ನು ಉದುರಿಸಿ ಒತ್ತುತ್ತಾರೆ. ಮರಕ್ಕೆ, ನೀರಿನಲ್ಲಿ ಕೊಳೆಸಿ ನರಗಳಷ್ಟೇ ಉಳಿಯುವಂತೆ ಮಾಡಿದ ಅರಳಿಯ ಎಲೆ. ತುಲಸಿಕಟ್ಟೆಯ ಮುಂದೆ ನಿಂತವಳ ಸೀರೆಗೆ, ಯಾವುದೋ ರವಿಕೆಯಲ್ಲಿ ಮಿಕ್ಕಿದ ಒಂದು ಬೆರಳಗಲದ ಬಟ್ಟೆ. ರಟ್ಟು ಸೊಟ್ಟಗಾಗದಂತೆ ಅದನ್ನು ಮಣೆಯ ಕೆಳಗಿಟ್ಟು ಮೇಲೊಂದು ಗುಂಡುಕಲ್ಲನ್ನು ಹೇರುತ್ತಾರೆ. ಒಳಗಿನಿಂದ ಅತ್ತೆಯವರು, “ಈ ಸರಿಹೊತ್ತಿನಲ್ಲಿ ಇದೆಲ್ಲ ಯಾಕಮ್ಮ? ಇದರಿಂದ ಏನಾಗಬೇಕು? ಮಲಗಬಾರದೆ?” ಎನ್ನುತ್ತಾರೆ. “ಇದೊಂದು ಮೂಲೆ ಮುಗಿಸಿ ಬಂದೆ ಅತ್ತೆ” ಎಂದು ಇವರ ಉತ್ತರ.

ಅತ್ತೆಯವರ ಮಾತಿನಲ್ಲಿ ಇರುವುದು ಅಕ್ಕರೆಯೇ ಹೊರತು ಆಕ್ಷೇಪವಲ್ಲ. ಆದರೂ ಆ ಮಾತಿನಲ್ಲಿ ಎರಡು ಗಂಭೀರವಾದ ಪ್ರಶ್ನೆಗಳು ಸೇರಿಕೊಂಡಿವೆ: ಇದರ ಪ್ರಯೋಜನವೇನು ಎಂಬುದು ಒಂದು, ಇದಕ್ಕೆ ಸಲ್ಲುವ ಹೊತ್ತು ಯಾರದು ಎಂಬುದು ಇನ್ನೊಂದು.

ಪ್ರಯೋಜನದ ಪ್ರಶ್ನೆಗೆ ನಮ್ಮ ಪೂರ್ವಿಕರು ಉತ್ತರವನ್ನು ಹೇಳದೆ ಹೋಗಿಲ್ಲ. ಋಗ್ವೇದಕ್ಕೆ ಸೇರಿದ ಐತರೇಯ ಬ್ರಾಹ್ಮಣವು ಯಜ್ಞದಲ್ಲಿ ಪಠಿಸುವ ಶಿಲ್ಪಸೂಕ್ತಗಳ ಪ್ರಸಂಗದಲ್ಲಿ, ಮನುಷ್ಯರು ಮಾಡುವ ಶಿಲ್ಪಗಳೆಲ್ಲವೂ ದೇವಶಿಲ್ಪಗಳ ಅನುಕರಣವೆಂದೂ, ಅವು ಮಾಡುವವನ ಆತ್ಮಕ್ಕೆ ಸಂಸ್ಕಾರವೆಂದೂ ಹೇಳುತ್ತದೆ. ಅಲ್ಲಿ ಹೆಸರಿಸಿರುವ ಶಿಲ್ಪಗಳಲ್ಲಿ ವಸ್ತ್ರವೂ ಕಂಚೂ ಚಿನ್ನವೂ ಇವೆ. ಮನೆಯಲ್ಲಿ ಬಳಸುವ ವಸ್ತುಗಳೇ ಅವು. ಎಂದ ಮೇಲೆ ಕಲೆಯ ಫಲವನ್ನು ರಟ್ಟಿನ ಮೇಲೆ ಹುಡುಕುವುದಕ್ಕಿಂತ ರಟ್ಟನ್ನು ಹಿಡಿದವರಲ್ಲಿ ಹುಡುಕುವುದು ಯುಕ್ತವಾಗುತ್ತದೆ. ಬೆರಳಿನ ನಡುಕವನ್ನು ತಡೆದು ಒಂದು ಎಳೆಯನ್ನು ಅದರ ಸ್ಥಾನದಲ್ಲಿ ಕೂರಿಸುವಷ್ಟು ಹೊತ್ತು ಚಿತ್ತವು ಬೇರೆಡೆಗೆ ಹರಿಯದೆ ನಿಲ್ಲುತ್ತದೆಯಲ್ಲ, ಆ ನಿಲುವು ಜಪಮಣಿಯಿಂದಲೂ ಎಲ್ಲರಿಗೂ ಸುಲಭವಾಗಿ ಒದಗುವುದಿಲ್ಲ.

ಬ್ರಹ್ಮಸೂತ್ರಕಾರರಾದ ಬಾದರಾಯಣರಿಗೆ ಇದೇ ಪ್ರಶ್ನೆ ಬೃಹತ್ತಾದ ರೂಪದಲ್ಲಿ ಎದುರಾಗಿತ್ತು. ಪೂರ್ಣನಾದ ಈಶ್ವರನಿಗೆ ಜಗತ್ತನ್ನು ಸೃಷ್ಟಿಸುವುದರಿಂದ ಆಗಬೇಕಾದದ್ದೇನು? ಸೃಷ್ಟಿಯು ಲೋಕದಲ್ಲಿ ಕಾಣುವ ಲೀಲೆಯಂತಹುದು ಎಂದು ಅವರು ಸಮಾಧಾನ ಹೇಳಿದರು. ಅದನ್ನು ವಿವರಿಸುತ್ತ ಶಂಕರಾಚಾರ್ಯರು ಎರಡು ದೃಷ್ಟಾಂತಗಳನ್ನು ಕೊಡುತ್ತಾರೆ: ಬಯಕೆಗಳೆಲ್ಲ ಪೂರೈಸಿದ ಅರಸನು ಅಥವಾ ಅವನ ಅಮಾತ್ಯನು ವಿನೋದಕ್ಕಾಗಿ ಆಟದಲ್ಲಿ ತೊಡಗುವುದು ಒಂದು, ಹೊರಗಿನ ಯಾವ ಪ್ರಯೋಜನವನ್ನೂ ಉದ್ದೇಶಿಸದೆ ಉಸಿರು ಸ್ವಭಾವದಿಂದಲೇ ಆಡುವುದು ಇನ್ನೊಂದು. ಈ ಎರಡರಲ್ಲಿ ಮೊದಲನೆಯದು ಈಶ್ವರನಿಗೆ ಒಪ್ಪಬಹುದು, ಆದರೆ ಗೃಹಸ್ಥರು ಅದನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಅರಸನ ಆಟದ ಹಿಂದೆ ಪರಿವಾರದವರ ದುಡಿಮೆಯಿದೆ. ಅವನ ಕುದುರೆಗೆ ಹುಲ್ಲು ಹಾಕುವವನು ಬೇರೆ, ಅವನ ಅನ್ನವನ್ನು ಬೇಯಿಸುವವನು ಬೇರೆ. ಎರಡನೆಯ ದೃಷ್ಟಾಂತವಾದರೋ ಬಡವನಿಗೂ ಬಲ್ಲಿದನಿಗೂ ಸಮಾನವಾದದ್ದು. ಕಲೆಯು ಮನೆಯಲ್ಲಿ ಅರಸನ ಆಟದಂತೆ ಅಲ್ಲ, ಉಸಿರಾಟದಂತೆ ನಡೆಯಬೇಕು ಎಂಬುದು ನನ್ನ ಪಕ್ಷ.

ಇಲ್ಲಿ ಕಾಯಕದ ಆದರ್ಶದಿಂದ ಒಂದು ಆಕ್ಷೇಪ ಏಳಬಹುದು. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನೇ ಪೂಜೆಯ ಮಟ್ಟಕ್ಕೇರಿಸಿದರು. ಆ ದುಡಿಮೆಯ ಫಲವು ದಾಸೋಹಕ್ಕೆ ಸಲ್ಲಬೇಕೆಂದರು. ಯಾರ ಹಸಿವನ್ನೂ ಹಿಂಗಿಸದ ಕಾಗದದ ಕುಸುರಿಯನ್ನು ಆ ಪಂಕ್ತಿಯಲ್ಲಿ ಕೂರಿಸುವುದು ಹೇಗೆ? ನಾನು ಅದನ್ನು ಕಾಯಕವೆಂದು ವಾದಿಸಲಾರೆ. ಆದರೆ ಅದೇ ಶರಣರ ನಡುವೆ ಆಯ್ದಕ್ಕಿ ಲಕ್ಕಮ್ಮನಿದ್ದಳೆಂಬುದನ್ನು ಮರೆಯಬಾರದು. ಪತಿಯಾದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಷ್ಟರ ಆಸೆ ನಮಗೇಕೆಂದು ಎಚ್ಚರಿಸಿ, ಮಿಕ್ಕದ್ದನ್ನು ಇದ್ದೆಡೆಯಲ್ಲಿಯೇ ಸುರಿದು ಬರುವಂತೆ ಹೇಳಿದ ತಾಯಿ ಆಕೆ. ಗಳಿಕೆಗೂ ಒಂದು ಕೊನೆಯುಂಟೆಂಬುದನ್ನು ಅವಳು ಕಂಡಿದ್ದಳು. ಸಾಕು ಎಂಬ ಗೆರೆಯನ್ನು ಎಳೆಯಬಲ್ಲ ಮನೆಯಲ್ಲಿ ಮಾತ್ರ ಆ ಗೆರೆಯ ಆಚೆಗೆ ಒಂದಿಷ್ಟು ಹೊತ್ತು ಉಳಿಯುತ್ತದೆ. ನಮಗೆ ಪುರುಸೊತ್ತಿಲ್ಲವೆಂದು ಹೇಳುವವರಲ್ಲಿ ಎಷ್ಟೋ ಮಂದಿಗೆ ಇಲ್ಲದಿರುವುದು ಹೊತ್ತಲ್ಲ, ಆ ಗೆರೆ.

ಇನ್ನು ಎರಡನೆಯ ಪ್ರಶ್ನೆ, ಈ ಹೊತ್ತು ಯಾರದು ಎಂಬುದು. ಸಂಸಾರದ ಹೊತ್ತಿನಿಂದ ಕಲೆಯ ಹೊತ್ತನ್ನು ಕದಿಯಬೇಕೆಂಬ ಭಾವನೆ ಬಹಳ ಹಳೆಯದಲ್ಲ. ಮಲೆನಾಡಿನ ಸಾಗರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಯೆಂದರೆ ಗೋಡೆಯ ಮೇಲೆ ಹಸೆಚಿತ್ತಾರ ಏಳಲೇಬೇಕು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳುಪು, ಹುರಿದು ಕರಿಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿನಾರಿನ ಕುಂಚ. ಅಡಿಗೆಮನೆ, ಹಿತ್ತಿಲು, ಕಾಡು ಮೂರೂ ಆ ಚಿತ್ರದಲ್ಲಿ ಸೇರುತ್ತವೆ. ಅದನ್ನು ಬರೆಯುವ ಹೆಂಗಸರು ಸಂಸಾರದಿಂದ ಬಿಡುವು ಮಾಡಿಕೊಂಡು ಬರೆಯುವುದಿಲ್ಲ. ಬರೆಯುವುದೇ ಅಂದಿನ ಸಂಸಾರದ ಕೆಲಸ. ಮೈಸೂರಿನ ಕಡೆಯಲ್ಲಿ ದಸರೆಯ ಗೊಂಬೆಗಳಿಗೆ ಬಣ್ಣದ ಕಾಗದದ ಉಡುಗೆ ತೊಡಿಸುವುದು, ಗೌರಿಗಣೇಶನ ಮಂಟಪಕ್ಕೆ ಕಾಗದವನ್ನು ಮಡಿಸಿ ಮಡಿಸಿ ಕತ್ತರಿಸಿದ ಜಾಲರಿಯನ್ನು ಕಟ್ಟುವುದು, ಇವೂ ಹಾಗೆಯೇ ಹಬ್ಬದ ಅಂಗವಾಗಿದ್ದುವು. ವಾತ್ಸ್ಯಾಯನರು ಎಣಿಸಿರುವ ಅರುವತ್ತನಾಲ್ಕು ಕಲೆಗಳಲ್ಲಿ ಅಕ್ಕಿ ಮತ್ತು ಹೂಗಳಿಂದ ನೆಲವನ್ನು ಸಿಂಗರಿಸುವುದು, ಹಣೆಯ ತಿಲಕಕ್ಕಾಗಿ ಎಲೆಗಳನ್ನು ಬಗೆಬಗೆಯಾಗಿ ಕತ್ತರಿಸುವುದು ಮೊದಲಾದುವು ಸೇರಿರುವುದನ್ನು ನೋಡಿದರೆ, ಈ ಕೈಗೆಲಸಗಳು ಗೃಹಜೀವನದ ಒಳಗಿನವೆಂದೇ ಹಿಂದಿನವರು ಬಗೆದಿದ್ದರೆಂದು ತಿಳಿಯುತ್ತದೆ. ಇಂದು ಮಂಟಪವೂ ತೋರಣವೂ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ. ಹಬ್ಬವು ಕಲೆಯನ್ನು ಅಂಗಡಿಗೆ ಒಪ್ಪಿಸಿಬಿಟ್ಟಿತು. ಅಂದಿನಿಂದ ಕಲೆಗೆ ಪಂಚಾಂಗದಲ್ಲಿದ್ದ ಹೊತ್ತು ತಪ್ಪಿಹೋಗಿ, ಅದು ಒಬ್ಬೊಬ್ಬರ ಖಾಸಗಿ ಬಯಕೆಯಾಗಿ, ಸರಿಹೊತ್ತಿನಲ್ಲಿ ನಡೆಯಬೇಕಾದ ಕೆಲಸವಾಯಿತು.

ಆದರೆ ಹಿಂದಿನ ಕಾಲವನ್ನು ಹೊಗಳಿ ಇಲ್ಲಿಗೇ ನಿಲ್ಲಿಸುವುದು ನ್ಯಾಯವಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯವು ಗೃಹಸ್ಥನ ಮನೆಯಲ್ಲಿ ಅರಿಯದೆ ಪ್ರಾಣಿಹಿಂಸೆಯಾಗುವ ಐದು ಸ್ಥಾನಗಳನ್ನು ಹೇಳುತ್ತದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಈ ದೋಷದ ಪರಿಹಾರಕ್ಕಾಗಿಯೇ ಅಲ್ಲಿ ಪಂಚಮಹಾಯಜ್ಞಗಳು ವಿಹಿತವಾಗಿವೆ. ಆ ಐದು ಸ್ಥಾನಗಳನ್ನು ಮತ್ತೊಮ್ಮೆ ನೋಡಿ: ಐದೂ ಹೆಂಗಸಿನ ಕೈಯಲ್ಲಿರುವ ಕೆಲಸಗಳು. ಐದು ಯಜ್ಞಗಳಲ್ಲಿ ಮೊದಲನೆಯದಾದ ಬ್ರಹ್ಮಯಜ್ಞ, ಎಂದರೆ ವೇದದ ಅಧ್ಯಯನ ಅಧ್ಯಾಪನಗಳು, ಗಂಡಸಿನ ಪಾಲಿಗೆ ಬಂದದ್ದು. ಒಲೆಯ ದುಡಿಮೆ ಒಬ್ಬರದು, ಆತ್ಮಸಂಸ್ಕಾರದ ಹೊತ್ತು ಇನ್ನೊಬ್ಬರದು ಎಂಬ ಈ ಹಂಚಿಕೆ ಶಾಸ್ತ್ರದ ಕಾಲಕ್ಕೆ ಮುಗಿದುಹೋಗಲಿಲ್ಲ. ಇಂದಿಗೂ ಮನೆಯ ಯಜಮಾನನು ಭಾನುವಾರ ಚಿತ್ರ ಬರೆಯಲು ಕುಳಿತರೆ ಕಾಫಿ ಅವನಿದ್ದಲ್ಲಿಗೆ ಬರುತ್ತದೆ. ಮನೆಯೊಡತಿಯು ಕತ್ತರಿ ಹಿಡಿಯಬೇಕಾದರೆ ಎಲ್ಲರೂ ಮಲಗಬೇಕು.

ಬಿಡುವು ಆಕಾಶದಿಂದ ಇಳಿಯುವುದಿಲ್ಲ. ಒಬ್ಬರ ಬಿಡುವಿನ ಹಿಂದೆ ಇನ್ನೊಬ್ಬರ ಕೆಲಸವಿರುತ್ತದೆ. ಆ ಇನ್ನೊಬ್ಬರು ಒಪ್ಪಿ ಕೊಟ್ಟರೆ ಅದು ದಾನ. ಕೇಳದೆ ತೆಗೆದುಕೊಂಡರೆ ಅಪಹಾರ. ಅನ್ನದಾನ, ವಿದ್ಯಾದಾನಗಳನ್ನು ಬಾಯ್ತುಂಬ ಹೊಗಳುವ ನಾವು, ಮನೆಯವರೇ ಮನೆಯವರಿಗೆ ಕೊಡಬೇಕಾದ ಈ ದಾನಕ್ಕೆ ಒಂದು ಹೆಸರನ್ನು ಸಹ ಇಟ್ಟಿಲ್ಲ. ಆದುದರಿಂದ ‘ಕಲೆಗೆ ಹೊತ್ತು ಮಾಡಿಕೊಳ್ಳುವುದು ಹೇಗೆ’ ಎಂದು ಒಬ್ಬರು ತಮ್ಮಷ್ಟಕ್ಕೆ ಕೇಳಿಕೊಳ್ಳುವುದು ಅರ್ಧ ಪ್ರಶ್ನೆ. ‘ಹೊತ್ತು ಕೊಡುವವರು ಯಾರು, ಪಡೆಯುವವರು ಯಾರು’ ಎಂದು ಮನೆಯೆಲ್ಲ ಕೇಳಿಕೊಂಡರೆ ಅದು ಪೂರ್ಣವಾಗುತ್ತದೆ.

ಮಕ್ಕಳು ದೊಡ್ಡವರಾಗಲಿ, ಜವಾಬ್ದಾರಿ ಕಳೆಯಲಿ, ಆಮೇಲೆ ನೋಡೋಣ ಎಂಬುದು ಸಾಮಾನ್ಯವಾದ ಮಾತು. ವಾನಪ್ರಸ್ಥಕ್ಕೆ ಕಲೆಯನ್ನು ಮುಂದೂಡುವ ಈ ಯೋಜನೆಗೆ ಇಂಗ್ಲೆಂಡಿನ ಮೇರಿ ಡಿಲೇನಿಯ ಚರಿತ್ರೆಯನ್ನು ಸಾಕ್ಷಿಯಾಗಿ ತರಬಹುದು. 1700ರಲ್ಲಿ ಹುಟ್ಟಿದ ಈಕೆ, ಎರಡನೆಯ ಪತಿಯೂ ತೀರಿಕೊಂಡ ಮೇಲೆ, 1772ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ಬಣ್ಣದ ಕಾಗದವನ್ನು ಅತಿ ಸೂಕ್ಷ್ಮವಾದ ಚೂರುಗಳಾಗಿ ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂಗಿಡಗಳ ಚಿತ್ರಗಳನ್ನು ರಚಿಸಲು ತೊಡಗಿದಳು. ಕೆಲವೆಡೆ ನಿಜವಾದ ಎಲೆಯನ್ನೂ ಸೇರಿಸಿದಳು. ಕಣ್ಣು ಮಂದವಾಗುವವರೆಗೆ ಸುಮಾರು ಹತ್ತು ವರ್ಷ ನಡೆದ ಈ ಕೆಲಸದಿಂದ ಸಾವಿರಕ್ಕೆ ಸಮೀಪವಾದ ಚಿತ್ರಗಳು ಹುಟ್ಟಿದುವು. ಅವು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಆದರೆ ಈ ಸಾಕ್ಷಿಯನ್ನು ಪೂರ್ತಿಯಾಗಿ ವಿಚಾರಿಸಿದರೆ ಅದು ಮುಂದೂಡುವವರ ಪಕ್ಷವನ್ನು ಬಿಟ್ಟುಬಿಡುತ್ತದೆ. ಅದಕ್ಕೆ ಮೊದಲು ದಶಕಗಳ ಕಾಲ ಆಕೆ ಕಸೂತಿ ಹಾಕುತ್ತ, ಕಪ್ಪೆಚಿಪ್ಪುಗಳಿಂದ ಅಲಂಕಾರ ಮಾಡುತ್ತ, ಕತ್ತರಿಯಿಂದ ನೆರಳುಚಿತ್ರಗಳನ್ನು ಬಿಡಿಸುತ್ತ ಕೈಯನ್ನು ಪಳಗಿಸಿಕೊಂಡೇ ಬಂದಿದ್ದಳು. ಅಲ್ಲದೆ, ವೃದ್ಧಾಪ್ಯದ ಆ ಬಿಡುವು ಅವಳಿಗೆ ದೊರೆತದ್ದು ಗೆಳತಿಯಾದ ಪೋರ್ಟ್‌ಲೆಂಡಿನ ಡಚೆಸ್ ತನ್ನ ಮನೆಯಲ್ಲಿ ಆಶ್ರಯವಿತ್ತುದರಿಂದ. ಯೌವನದಲ್ಲಿ ಬಿಡದ ಅಭ್ಯಾಸ, ಮುಪ್ಪಿನಲ್ಲಿ ಒಬ್ಬರು ಕೊಟ್ಟ ಹೊತ್ತು, ಈ ಎರಡೂ ಇಲ್ಲದಿದ್ದರೆ 72ನೆಯ ವಯಸ್ಸು ಮತ್ತೊಂದು ವಯಸ್ಸಷ್ಟೇ ಆಗಿ ಕಳೆದುಹೋಗುತ್ತಿತ್ತು.

ಹೊತ್ತನ್ನು ಪಡೆದವರಿಗೂ ಒಂದು ನಿಯಮವುಂಟು. ಮಥುರಾ ವೃಂದಾವನಗಳಲ್ಲಿ ಸಾಂಝಿ ಎಂಬ ಕಲೆಯಿದೆ. ಕಾಗದದಲ್ಲಿ ಕೃಷ್ಣಲೀಲೆಯ ಆಕೃತಿಗಳನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೊರೆದು, ಪಿತೃಪಕ್ಷದ ದಿನಗಳಲ್ಲಿ ದೇವಾಲಯದ ವೇದಿಕೆಯ ಮೇಲೆ ಆ ಕಾಗದವನ್ನಿಟ್ಟು ಬಣ್ಣದ ಪುಡಿಯನ್ನು ಉದುರಿಸಿ ಚಿತ್ರವನ್ನು ಎತ್ತುತ್ತಾರೆ. ದರ್ಶನವಾದ ಮೇಲೆ ಅದನ್ನು ಅಳಿಸಿಬಿಡುತ್ತಾರೆ. ಮಾಡುವುದರಲ್ಲಿ ಎಷ್ಟು ಶ್ರದ್ಧೆಯೋ ಬಿಡುವುದರಲ್ಲಿಯೂ ಅಷ್ಟೇ ನಿರ್ಲಿಪ್ತತೆ. ಸಂಸಾರದಲ್ಲಿ ಕಲೆಯನ್ನು ನಡೆಸುವವರಿಗೆ ಈ ಶಿಸ್ತು ಬಲು ಉಪಕಾರಿ. ಮಗುವು ಬಂದು ಅಂಟು ಆರದ ಚಿತ್ರದ ಮೇಲೆ ಅಂಗೈಯೂರಿದರೆ, ಹಾಲು ಉಕ್ಕಿತೆಂದು ಅರ್ಧದಲ್ಲಿ ಏಳಬೇಕಾದರೆ, ಸಿಡುಕದೆ ಏಳುವ ಮನಸ್ಸು ಬೇಕು. ಕಲೆಯ ಹೆಸರಿನಲ್ಲಿ ಮಗುವನ್ನು ಗದರಿಸುವವರಿಗೆ ಆ ಕಲೆಯಿಂದ ಸಂಸ್ಕಾರವಾಯಿತೆಂದು ಹೇಳುವುದು ಕಷ್ಟ. ಹಾಗೆಂದು ಪ್ರತಿಸಲವೂ ಏಳಬೇಕಾದವರು ಒಬ್ಬರೇ ಆಗಿದ್ದರೆ, ಅದು ಅವರ ವೈರಾಗ್ಯಕ್ಕೆ ಒಡ್ಡಿದ ಪರೀಕ್ಷೆಯಲ್ಲ, ಉಳಿದವರ ಅಲಕ್ಷ್ಯ.

ಆದಕಾರಣ ನಾನು ಮುಟ್ಟುವ ನಿರ್ಣಯವಿದು: ಗೃಹಸ್ಥಾಶ್ರಮದಲ್ಲಿ ಕಲೆಗೆ ಹೊತ್ತನ್ನು ಕೊಡುವುದು ಧರ್ಮವೇ, ಆದರೆ ಆ ಧರ್ಮದ ಹೊಣೆ ಕಲೆಯನ್ನು ಬಯಸುವವರಿಗಿಂತ ಹೆಚ್ಚಾಗಿ ಅವರ ಸುತ್ತಲಿನವರದು. ಓದುಗರಲ್ಲಿ ನನ್ನ ಬಿನ್ನಹವೂ ಅಷ್ಟೇ ಸರಳವಾದದ್ದು. ನಿಮ್ಮ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಕತ್ತರಿ, ಕುಂಚ, ಸೂಜಿ ಏನನ್ನಾದರೂ ಕೈಗೆತ್ತಿಕೊಳ್ಳುವವರು ಒಬ್ಬರಿರಬಹುದು. ಅವರ ಕೆಲಸವನ್ನು ಹೊಗಳುವುದು ಹಾಗಿರಲಿ. ವಾರದಲ್ಲಿ ಒಂದು ದಿನ ಸಂಜೆಯ ಅಡಿಗೆಯನ್ನೂ ಮಕ್ಕಳನ್ನೂ ನೀವು ನೋಡಿಕೊಂಡು, ಅವರನ್ನು ಹಗಲು ಬೆಳಕಿರುವಾಗಲೇ ಕೂರಲು ಬಿಡಿ.