ಕೊಳೆ ಹೋದ ಮೇಲೆ ಉಳಿಯುವುದು

ದೋಷವೊಂದು ನಿವಾರಣೆಯಾದ ಕ್ಷಣದಲ್ಲೇ ಆ ದೋಷಕ್ಕೆ ಒಗ್ಗಿಹೋಗಿದ್ದ ನಡವಳಿಕೆಯೂ ನಿವಾರಣೆಯಾಗುತ್ತದೆಯೇ ಎಂಬುದು ಅದ್ವೈತ ವೇದಾಂತವನ್ನು ಬಹುಕಾಲ ಕಾಡಿದ ಪ್ರಶ್ನೆ. ಬಂಧಕ್ಕೆ ಅಜ್ಞಾನವೇ ಕಾರಣವಾಗಿದ್ದು ಜ್ಞಾನದಿಂದ ಅದು ನಾಶವಾಗುವುದಾದರೆ, ಜ್ಞಾನಿಯ ದೇಹ ಮತ್ತು ಮನಸ್ಸು ಹಿಂದಿನಂತೆಯೇ ನಡೆದುಕೊಳ್ಳುವುದೇಕೆ ಎಂಬ ಆಕ್ಷೇಪಕ್ಕೆ ಶಂಕರರು ಪ್ರಾರಬ್ಧವನ್ನು, ಅಂದರೆ ಫಲ ಕೊಡಲು ಈಗಾಗಲೇ ತೊಡಗಿರುವ ಕರ್ಮವನ್ನು ಮುಂದಿಟ್ಟು, ಒಮ್ಮೆ ವೇಗ ಪಡೆದ ಕುಂಬಾರನ ಚಕ್ರವು ಆ ವೇಗ ತೀರುವವರೆಗೆ ತಿರುಗುತ್ತಲೇ ಇರುವುದನ್ನು ಬ್ರಹ್ಮಸೂತ್ರಭಾಷ್ಯದಲ್ಲಿ ದೃಷ್ಟಾಂತವಾಗಿ ಕೊಟ್ಟರು. ಆದರೆ ಚಕ್ರಕ್ಕೆ ವೇಗವಿದೆಯೇ ಹೊರತು ನೆನಪಿಲ್ಲ. ಮನಸ್ಸಿಗೆ ಎರಡೂ ಇವೆ. 14ನೆಯ ಶತಮಾನದಲ್ಲಿ ವಿದ್ಯಾರಣ್ಯರು ‘ಜೀವನ್ಮುಕ್ತಿವಿವೇಕ’ವನ್ನು ಬರೆದಾಗ ಅವರ ಗಮನ ಹೆಚ್ಚಾಗಿ ಹರಿದದ್ದು ಈ ನೆನಪಿನ ಕಡೆಗೆ, ಅವರ ಪರಿಭಾಷೆಯಲ್ಲಿ ವಾಸನೆಯ ಕಡೆಗೆ: ಹಿಂದುಮುಂದಿನ ವಿಚಾರವಿಲ್ಲದೆ ಮನಸ್ಸು ತಾನಾಗಿ ಹಿಡಿದುಬಿಡುವ, ಅಭ್ಯಾಸದಿಂದ ಗಟ್ಟಿಯಾದ ಒಲವಿನ ಕಡೆಗೆ.

ಹಿರಿಯೂರಿನ ಮಗ್ಗುಲಲ್ಲಿರುವ ಬಬ್ಬೂರು, ಬಬ್ಬೂರುಕಮ್ಮೆ ಎಂಬ ಸ್ಮಾರ್ತ ಸಮುದಾಯದ ಹೆಸರಿನ ಮೂಲಕ ಅದ್ವೈತದೊಂದಿಗೆ ಹಳೆಯ ನಂಟುಳ್ಳ ಊರು; ಇಂದು ಹೊರಗಿನವರು ಅದನ್ನು ಗುರುತಿಸುವುದು ಹೆಚ್ಚಾಗಿ ಬಬ್ಬೂರು ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಿಂದ. ಬೆಂಗಳೂರು–ಪುಣೆ ಹೆದ್ದಾರಿ ಹಾದುಹೋಗುವ ಈ ಸೀಮೆಯಲ್ಲಿ ಗ್ಯಾರೇಜುಗಳಿಗೇನೂ ಕೊರತೆಯಿಲ್ಲ, ಮತ್ತು ಆಯುಧಪೂಜೆ ಸಮೀಪಿಸಿದಾಗ ವಾಹನವನ್ನು ಒಳಗೂ ಹೊರಗೂ ಶುಚಿಗೊಳಿಸಿ, ಹೂವು ಕುಂಕುಮವಿಟ್ಟು, ಬೂದುಗುಂಬಳ ಒಡೆಯುವುದು ನಾಡಿನ ಉಳಿದೆಡೆಯಂತೆ ಇಲ್ಲಿಯೂ ವಾಡಿಕೆ. ಹಾಗೆ ಒಳಗನ್ನು ಶುಚಿಗೊಳಿಸುವಾಗ ಪೆಟ್ರೋಲ್ ಕಾರಿನ ಥ್ರಾಟಲ್ ಬಾಡಿಯನ್ನೂ ತೊಳೆದರೆ, ಅಲ್ಲಿಯವರೆಗೆ ನೆಮ್ಮದಿಯಾಗಿದ್ದ ಗಾಡಿ ಕಾಲಿಡದೆಯೇ ರೇಸ್ ಆಗತೊಡಗುವುದುಂಟು. ಶುದ್ಧಿಯೇ ಅಶಾಂತಿಗೆ ಕಾರಣವಾದಂತೆ ತೋರುವ ಈ ಸಣ್ಣ ವಿಪರೀತವು ವಿದ್ಯಾರಣ್ಯರ ಪ್ರಶ್ನೆಯನ್ನು ಚಕ್ರಕ್ಕಿಂತ ಹತ್ತಿರದಿಂದ ತೋರಿಸಬಲ್ಲದು.

ಥ್ರಾಟಲ್ ಬಾಡಿ ಎಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿರುವ, ಚಿಟ್ಟೆಯ ರೆಕ್ಕೆಯಂತೆ ತಿರುಗುವ ಒಂದು ತಟ್ಟೆಯುಳ್ಳ ಕೊಳವೆ. ಆಕ್ಸಿಲರೇಟರ್ ಒತ್ತದಿರುವಾಗಲೂ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದು, ಅಲ್ಲಿಂದ ನುಸುಳುವ ಗಾಳಿಯಿಂದಲೇ, ಕೆಲವು ಕಾರುಗಳಲ್ಲಿ ಪಕ್ಕದ ಪುಟ್ಟ ವಾಲ್ವಿನ ನೆರವಿನಿಂದ, ಬಿಸಿಯಾದ ಎಂಜಿನ್ನು ನಿಮಿಷಕ್ಕೆ ಸುಮಾರು 700ರಿಂದ 850 ಸುತ್ತುಗಳ ಐಡ್ಲಿಂಗಿನಲ್ಲಿ ನಿಲ್ಲುತ್ತದೆ. ಈ ಸಂದಿಯಲ್ಲಿ ಕಪ್ಪು ಜಿಡ್ಡು ಕಟ್ಟಿಕೊಂಡಂತೆ ಗಾಳಿ ಕಡಿಮೆಯಾಗುತ್ತದೆ. ಎಂಜಿನ್ನನ್ನು ಆಳುವ ಇಸಿಯು ಎಂಬ ಗಣಕವು ಅದನ್ನು ಗಮನಿಸಿ ತಟ್ಟೆಯನ್ನು ಒಂದಿಷ್ಟು ಹೆಚ್ಚು ತೆರೆದು, ಆ ಹೆಚ್ಚುವರಿಯನ್ನು ತನ್ನ ಸ್ಮೃತಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ತೊಳೆದ ದಿನ ಜಿಡ್ಡು ಹೋಗುತ್ತದೆ, ಬರಹ ಹೋಗುವುದಿಲ್ಲ. ಇಲ್ಲದ ಅಡ್ಡಿಯನ್ನು ಮೀರಲು ತಟ್ಟೆ ಹಿಂದಿನಷ್ಟೇ ತೆರೆದುಕೊಳ್ಳುತ್ತದೆ, ಗಾಳಿ ಧಾರಾಳವಾಗಿ ನುಗ್ಗುತ್ತದೆ, ಅದಕ್ಕೆ ತಕ್ಕಷ್ಟು ಇಂಧನವೂ ಸೇರಿ ಸುತ್ತುಗಳು 1200ನ್ನೋ 1500ನ್ನೋ ಮುಟ್ಟುತ್ತವೆ.

ಬಯಲುಸೀಮೆಯ ಧೂಳನ್ನು ಬಲ್ಲವರು ಈ ಕೊಳೆಗೆ ರಸ್ತೆಯನ್ನೇ ದೂರುವುದು ಸಹಜ. ಆದರೆ ರಸ್ತೆಯ ಧೂಳನ್ನು ಬಹುಮಟ್ಟಿಗೆ ಏರ್ ಫಿಲ್ಟರ್ ತಡೆಯುತ್ತದೆ. ತಟ್ಟೆಗೆ ಅಂಟುವ ಜಿಡ್ಡಿನ ದೊಡ್ಡ ಪಾಲು ಎಂಜಿನ್ನಿನ ಒಡಲಿನಿಂದಲೇ ಆಯಿಲ್ ಹಬೆಯಾಗಿ ಹಿಂದಿರುಗಿ ಬಂದದ್ದು. ವಿದ್ಯಾರಣ್ಯರು ಮಲಿನ ವಾಸನೆಗಳನ್ನು ಲೋಕವಾಸನೆ, ಶಾಸ್ತ್ರವಾಸನೆ, ದೇಹವಾಸನೆ ಎಂದು ವಿಂಗಡಿಸಿದಾಗ ಅತ್ಯಂತ ಧೈರ್ಯದ ಮಾತು ಎರಡನೆಯದರಲ್ಲಿದೆ, ಏಕೆಂದರೆ ಬಿಡುಗಡೆಯ ಸಾಧನವೆಂದು ಎಲ್ಲರೂ ಒಪ್ಪಿದ ಅಧ್ಯಯನ ಮತ್ತು ಅನುಷ್ಠಾನಗಳೇ ಕೊಳೆಯನ್ನೂ ಹುಟ್ಟಿಸುತ್ತವೆಂದು ಅದು ಹೇಳುತ್ತದೆ. ಗ್ರಂಥಗಳ ಹೊರೆ ಹೊತ್ತು ಮಹಾದೇವನ ಸಭೆಗೆ ಬಂದ ದುರ್ವಾಸರು, ನಾರದರು ಭಾರ ಹೊರುವ ಕತ್ತೆಯೆಂದು ಹಂಗಿಸಿದ ಮೇಲೆ ಅದನ್ನೆಲ್ಲ ಸಮುದ್ರಕ್ಕೆ ಎಸೆದ ಕಥೆಯನ್ನು ಅವರು ಉದಾಹರಿಸುವುದು ಇಲ್ಲಿಯೇ.

ತೊಳೆದ ನಂತರದ ಅಬ್ಬರವೆಲ್ಲ ಹಳೆಯ ನೆನಪಿನದೇ ಎಂದು ನಂಬಿ ಸುಮ್ಮನಿರುವುದು ಮಾತ್ರ ಅಪಾಯ. ಬಿಚ್ಚಿದ ಗ್ಯಾಸ್ಕೆಟ್ ಸರಿಯಾಗಿ ಕೂರದೆ, ಅಥವಾ ಹೋಸ್ ಪೈಪೊಂದನ್ನು ಮರಳಿ ಸಿಕ್ಕಿಸದೆ, ತಟ್ಟೆಯ ಆಚೆಯಿಂದಲೇ ಎಂಜಿನ್ನು ‘ಏರ್ ಎಳೆಯುತ್ತಿರ’ಬಹುದು; ತಟ್ಟೆಯನ್ನು ಬೆರಳಿನಿಂದ ಒತ್ತಿ ತಿರುಗಿಸಿದ್ದರಿಂದ ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಜಖಂಗೊಂಡಿರಬಹುದು; ಹಳೆಯ ಕಾರುಗಳಲ್ಲಿ ಕೇಬಲ್ ಬಿಗಿಯಾಗಿರಬಹುದು. ನೆನಪಿನಿಂದ ಬಂದ ವೇಗ ಓಡಿಸುತ್ತ ಹೋದಂತೆ ಇಳಿಯುತ್ತದೆ, ಬಿರುಕಿನಿಂದ ಬಂದದ್ದು ಹಾಗೆಯೇ ನಿಲ್ಲುತ್ತದೆ. ಸಂದೇಹವಿದ್ದ ಜೋಡಣೆಯ ಸುತ್ತ ಒಂದಿಷ್ಟು ನೀರು ಸಿಂಪಡಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ ಬಿರುಕು ಅಲ್ಲಿಯೇ ಇದೆಯೆಂದು ತಿಳಿಯುತ್ತದೆ. ವೇದಾಂತದಲ್ಲಿ ಪ್ರಾರಬ್ಧವೆಂಬ ಮಾತು ಎಷ್ಟೋ ಸಲ ಇಂಥ ಪರೀಕ್ಷೆಯನ್ನು ತಪ್ಪಿಸಿಕೊಳ್ಳಲು ನೆಪವಾಗಿದೆ: ಕೋಪಿಷ್ಠ ಗುರುವಿನ ಕೋಪವನ್ನು ಶಿಷ್ಯರು ಪ್ರಾರಬ್ಧದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ವಿದ್ಯಾರಣ್ಯರು ಆ ಸವಲತ್ತನ್ನು ಯಾಜ್ಞವಲ್ಕ್ಯರಿಗೂ ಕೊಡಲಿಲ್ಲ. ಬೃಹದಾರಣ್ಯಕದಲ್ಲಿ ಜನಕನ ಗೋವುಗಳನ್ನು ಹೊಡೆಸಿಕೊಂಡು, ವಾದದಲ್ಲಿ ಶಾಕಲ್ಯನ ತಲೆ ಉರುಳುವವರೆಗೂ ಹೋದ ಆ ಬ್ರಹ್ಮಜ್ಞಾನಿಯಲ್ಲಿ ವಿದ್ಯಾಮದ ಉಳಿದಿತ್ತೆಂದು ಅವರು ಒಪ್ಪುತ್ತಾರೆ. ಜ್ಞಾನ ಸುಳ್ಳಾಗಿತ್ತೆಂದು ಹೇಳುವುದಿಲ್ಲ, ಮದವನ್ನು ಸಮರ್ಥಿಸುವುದೂ ಇಲ್ಲ.

ಯಾಜ್ಞವಲ್ಕ್ಯರು ಮುಂದೆ ಎಲ್ಲವನ್ನೂ ಬಿಟ್ಟು ಹೊರಟದ್ದನ್ನು ವಿದ್ಯಾರಣ್ಯರು ವಿದ್ವತ್ಸಂನ್ಯಾಸವೆನ್ನುತ್ತಾರೆ. ಇದು ಜ್ಞಾನವನ್ನು ಪಡೆಯಲು ಅಲ್ಲ, ಜ್ಞಾನ ದೊರೆತ ಮೇಲೆ ಮನಸ್ಸನ್ನು ಅದಕ್ಕೆ ಹೊಂದಿಸಲು ಕೈಗೊಳ್ಳುವ ಸಂನ್ಯಾಸ. ಎಂಜಿನ್ನಿಗೆ ಹೊಸ ಐಡ್ಲಿಂಗ್ ಕಲಿಸುವ ಕ್ರಮವೂ, ವಿವರಗಳು ಕಂಪನಿಯಿಂದ ಕಂಪನಿಗೆ ಬದಲಾದರೂ, ಇದನ್ನು ಹೋಲುತ್ತದೆ: ಎಂಜಿನ್ನು ಪೂರ್ತಿ ಬಿಸಿಯಾದ ಮೇಲೆ ಎಸಿ, ಫ್ಯಾನು, ಲೈಟು ಎಲ್ಲವನ್ನೂ ಆರಿಸಿ, ಆಕ್ಸಿಲರೇಟರನ್ನು ಮುಟ್ಟದೆ, ಅದನ್ನು ಅದರ ಪಾಡಿಗೆ ಓಡಲು ಬಿಡಬೇಕು, ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಹಳೆಯ ಬರಹವನ್ನು ಅಳಿಸಬೇಕಾಗುತ್ತದೆ. ಮನಸ್ಸಿಗೆ ಅಂಥ ಸ್ಕ್ಯಾನರ್ ಇಲ್ಲದ್ದರಿಂದ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳೆಂಬ ಎದುರು ವಾಸನೆಗಳನ್ನು ಬೆಳೆಸಿಯೇ ಹಳೆಯದನ್ನು ಸವೆಸಬೇಕೆಂದು ವಿದ್ಯಾರಣ್ಯರು ಪತಂಜಲಿಯ ಜಾಡಿನಲ್ಲಿ ವಿಧಿಸುತ್ತಾರೆ. ಹೀಗೆ ಉಳಿದ ಶುದ್ಧ ವಾಸನೆಯು ದೇಹಧಾರಣೆಗೆ ಸಾಕಾಗುವಷ್ಟು ಮಾತ್ರವಿದ್ದು ಮರುಹುಟ್ಟಿಗೆ ಕಾರಣವಾಗದೆಂಬ ಯೋಗವಾಸಿಷ್ಠದ ಮಾತನ್ನು ಅವರು ಒಪ್ಪುವಲ್ಲಿಗೆ ಯಂತ್ರದ ಹೋಲಿಕೆ ಹಿಂದುಳಿಯುತ್ತದೆ; ಏಕೆಂದರೆ ಗ್ಯಾರೇಜಿನಿಂದ ಹೊರಬಿದ್ದ ಕಾರಿನ ತಟ್ಟೆಗೆ ಆಯಿಲ್ ಹಬೆ ಮತ್ತೆ ತಗಲುವುದು ಅದೇ ದಿನದಿಂದ, ಮತ್ತು ಇಸಿಯು ಅದಕ್ಕೂ ಮೊದಲಿನಂತೆಯೇ ಒಗ್ಗಿಕೊಳ್ಳುತ್ತ ಹೋಗುತ್ತದೆ.