ಒಕ್ಕಲಿಗನ ಪಕ್ಷ

ಒಕ್ಕಲಿಗನ ಕಷ್ಟವನ್ನು ಅರಿಯಲು ಒಕ್ಕಲಿಗನಾಗಿಯೇ ಹುಟ್ಟಬೇಕೆ? ಅನ್ಯನು ಅವನ ಪಕ್ಷ ಹಿಡಿದರೆ ಅದು ಧರ್ಮವೋ, ಬರಿಯ ದಾಕ್ಷಿಣ್ಯವೋ? ಈ ಪ್ರಶ್ನೆಯನ್ನು ಒರೆಹಚ್ಚಿ ನೋಡಲು ಕರ್ನಾಟಕಸಿಂಹ ಗಂಗಾಧರರಾವ ದೇಶಪಾಂಡೆಯವರ (1871-1960) ಬಾಳು ತಕ್ಕ ನಿದರ್ಶನವಾಗಿದೆ.

ರಾಯರದು ಬೆಳಗಾವಿ ತಾಲೂಕಿನ ಹುದಲಿಯ ಜಮೀನುದಾರ ಮನೆತನ. ದೇಶಪಾಂಡೆ ಎಂಬುದು ಪರಗಣೆಯ ಕಂದಾಯದ ಲೆಕ್ಕವನ್ನಿಡುವ ವಂಶಪಾರಂಪರ್ಯದ ವೃತ್ತಿಯ ಹೆಸರು. ಹೊಲದ ಬೆಳೆಯನ್ನು ಒಕ್ಕಲಿಗನು ಮನೆಯ ಹಸಿವಿನಿಂದ ಅಳೆಯುತ್ತಿದ್ದನು. ದಫ್ತರವು ರೂಪಾಯಿಯಿಂದ ಅಳೆಯುತ್ತಿತ್ತು. ಈ ಎರಡು ಲೆಕ್ಕಗಳು ಹೊಂದದಿದ್ದರೆ ಏನಾಗುವುದೆಂಬುದನ್ನು ಈ ಸೀಮೆಯು ಮರೆತಿಲ್ಲ. ಕಿತ್ತೂರು ಕಂಪನಿಯ ಕೈಸೇರಿದ ಬಳಿಕ ಶೇತ್ಸನದಿಗಳ ಭೂಮಿಗೆ ಬಂದ ಕುತ್ತು ಸಂಗೊಳ್ಳಿ ರಾಯಣ್ಣನ ದಂಗೆಗೆ ಒಂದು ಕಾರಣವಾಯಿತು. 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಟಿಳಕರ ಅನುಯಾಯಿಯಾಗಿ ರಾಜಕಾರಣಕ್ಕಿಳಿದ ರಾಯರು ಗಾಂಧೀಜಿಯವರ ಸಂಗದಿಂದ ಹಳ್ಳಿಯ ಕಡೆಗೆ ತಿರುಗಿದರು. 1924ರ ಬೆಳಗಾವಿ ಕಾಂಗ್ರೆಸ್ಸಿನ ಸ್ವಾಗತದ ಭಾರವನ್ನು ಹೊತ್ತವರು ಅವರೇ. ಆದರೆ ಆ ವೈಭವಕ್ಕಿಂತಲೂ ಹುದಲಿಯಲ್ಲಿ ಬೇರೂರಿದ ಖಾದಿಯ ಕೆಲಸವೇ ಹೆಚ್ಚು ವಿಚಾರಾರ್ಹವಾದುದು. ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯ ಬಹುಭಾಗ ಆಗ ಮಳೆಯನ್ನೇ ನೆಚ್ಚಿತ್ತು. ಸುಗ್ಗಿ ತೀರಿದ ಮೇಲೆ ಕೈಗೆ ಕೆಲಸವಿರಲಿಲ್ಲ; ಹತ್ತಿ ಬೆಳೆದವನೇ ಅರಿವೆಗಾಗಿ ಪೇಟೆಯ ದಾರಿ ಹಿಡಿಯುತ್ತಿದ್ದನು. ರಾಟಿಯು ಆ ಬಿಡುವಿಗೆ ಅಲ್ಪಸ್ವಲ್ಪ ಕೂಲಿಯನ್ನು ತಂದಿತು. 1937ರಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಗಾಂಧೀಜಿಯವರು ಹುದಲಿಗೇ ಬಂದರು.

ರಾಟಿಯಿಂದ ಕಂದಾಯ ಇಳಿಯಿತೆ, ಸಾಲ ಹರಿಯಿತೆ ಎಂದು ಕೇಳುವವರುಂಟು. ಆಕ್ಷೇಪವು ನ್ಯಾಯವಾದುದೇ. ದೂರದ ಪಂಜಾಬದಲ್ಲಿ, ಒಕ್ಕಲು ಮನೆಯಲ್ಲೇ ಹುಟ್ಟಿದ ಸರ್ ಛೋಟೂ ರಾಮರು, ಅಡವಿಟ್ಟ ಹೊಲಗಳನ್ನು ಮರಳಿ ಕೊಡಿಸುವ 1938ರ ಕಾನೂನಿಗಾಗಿ ಮಂತ್ರಿಮಂಡಲದೊಳಗಿದ್ದು ದುಡಿದರು. ಅಂಥ ಬಲ ರಾಟಿಗಿಲ್ಲ. ಆದರೂ ಕಾನೂನು ಆಳುವವರೊಡನೆ ಬದಲಾಗಬಹುದು. ಕಲಿತ ಕಸಬನ್ನು ಯಾವ ಸರಕಾರವೂ ಜಪ್ತಿ ಮಾಡಲಾರದು. ಒಕ್ಕಲಿಗನಿಗೆ ಎರಡೂ ಬೇಕು. ಒಂದನ್ನು ಕೊಟ್ಟವನು ಎಲ್ಲವನ್ನೂ ಕೊಟ್ಟೆನೆಂದು ಹೇಳಿಕೊಳ್ಳಬಾರದು, ಅಷ್ಟೆ.

ಹಾಗಾದರೆ ಪಕ್ಷ ಹಿಡಿದವನ ಪರೀಕ್ಷೆ ಯಾವುದರಲ್ಲಿದೆ? ಹುಟ್ಟಿದ ಮನೆಯಲ್ಲಿಲ್ಲ, ಏಕೆಂದರೆ ಒಕ್ಕಲು ಮನೆಯಲ್ಲಿ ಹುಟ್ಟಿ ಒಕ್ಕಲಿಗನನ್ನು ಮರೆತವರೂ ಉಂಟು. ದಯೆ ತೋರುವವನ ಬಾಗಿಲಲ್ಲಿ ಬೇಡುವವರ ಸಾಲು ಬೆಳೆಯುತ್ತದೆ. ಧರ್ಮವನ್ನರಿತವನ ಬಾಗಿಲಲ್ಲಿ ಅದು ವರ್ಷವರ್ಷಕ್ಕೂ ಕುಗ್ಗಬೇಕು. ತನ್ನ ನೆರವಿಲ್ಲದೆಯೂ ಒಕ್ಕಲಿಗನು ನೆಟ್ಟಗೆ ನಿಲ್ಲುವ ದಿನವನ್ನು ಬಯಸುವವನೇ ಅವನ ನಿಜವಾದ ಪಕ್ಷಪಾತಿ.